ಶಿಲುಬೆಗೇರಿದ ಅರಸ: ಮೆಸ್ಸೀಯ ಯಾರು, ಬಂದದ್ದು ಯಾತಕ್ಕೆ?

ಕ್ರೈಸ್ತ ಧರ್ಮದ ಮೊಟ್ಟಮೊದಲ ಸಾರೋಣ ಬಹಳ ಚಿಕ್ಕದು: ನಜರೇತಿನ ಯೇಸುವೇ ಮೆಸ್ಸೀಯ. ತ್ರಯೈಕತ್ವದ ಸೂತ್ರವಾಗಲಿ, ಪೋಪರ ಪೀಠವಾಗಲಿ, ಕ್ರಿಸ್‌ಮಸ್ ಹಬ್ಬವಾಗಲಿ ಇನ್ನೂ ಹುಟ್ಟದಿದ್ದ ಕಾಲದಲ್ಲಿ ಯೆರೂಸಲೇಮಿನಲ್ಲಿ ಈ ಮಾತನ್ನು ಆಡಿದವರು ಯೆಹೂದ್ಯರು, ಕೇಳಿಸಿಕೊಂಡವರೂ ಯೆಹೂದ್ಯರು. ಕೇಳಿದವರಲ್ಲಿ ಹೆಚ್ಚಿನವರಿಗೆ ಅದು ಒಪ್ಪುವಂಥ ಮಾತಾಗಿರಲಿಲ್ಲ. ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ರೋಮಿನ ಅಧಿಪತಿಯ ಅಪ್ಪಣೆಯಂತೆ ಊರಾಚೆ ಶಿಲುಬೆಗೆ ಜಡಿಸಿಕೊಂಡು ಸತ್ತವನು ಇಸ್ರಾಯೇಲನ್ನು ಬಿಡಿಸಬೇಕಾದ ಅರಸ ಹೇಗಾದಾನು? ಸತ್ತದ್ದು ಹಾಗಿರಲಿ, ಅವನು ಬಂದುಹೋದ ಮೇಲೂ ಲೋಕ ಇದ್ದಂತೆಯೇ ಇದೆಯಲ್ಲ?

ಕ್ರಿಸ್ತನ ಕುರಿತಾದ ಎರಡು ಸಾವಿರ ವರ್ಷಗಳ ಚಿಂತನೆಯನ್ನೆಲ್ಲ ಈ ಎರಡು ಆಕ್ಷೇಪಗಳಿಗೆ ಕೊಟ್ಟ ಉತ್ತರಗಳೆಂದೇ ಓದಬಹುದು. ಹಾಗೆ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಅವನು ಯಾರು ಎಂಬ ಪ್ರಶ್ನೆಯೂ ಅವನು ಯಾತಕ್ಕೆ ಬಂದ ಎಂಬ ಪ್ರಶ್ನೆಯೂ ಮೊದಲಿಗೆ ಒಂದೇ ಆಗಿದ್ದವು. ಕಾಲಾಂತರದಲ್ಲಿ ಅವು ಬೇರೆಯಾದವು. ಬೇರೆಯಾದಾಗಲೆಲ್ಲ ಕ್ರೈಸ್ತ ವಿಶ್ವಾಸ ಏನನ್ನೋ ಕಳೆದುಕೊಂಡಿದೆ ಎಂಬುದು ನನ್ನ ಅಭಿಪ್ರಾಯ.

ಹಳೆಯ ಒಡಂಬಡಿಕೆಯಲ್ಲಿ ಮೆಸ್ಸೀಯ ಎಂದರೆ ಎಣ್ಣೆಯಿಂದ ಅಭಿಷೇಕವಾದವನು, ಅಷ್ಟೆ. ಪ್ರವಾದಿ ಸಮುವೇಲ ಸೌಲನ ತಲೆಯ ಮೇಲೆ ಎಣ್ಣೆ ಹೊಯ್ದು ಅರಸನನ್ನಾಗಿ ಮಾಡಿದ. ಆಮೇಲೆ ಕುರಿ ಕಾಯುತ್ತಿದ್ದ ದಾವೀದನನ್ನು ಕರೆಸಿ ಅವನಿಗೂ ಹಾಗೆಯೇ ಮಾಡಿದ. ಆರೋನನ ವಂಶದ ಯಾಜಕರಿಗೂ ಅಭಿಷೇಕವಿತ್ತು. ಯೆಶಾಯನ ಗ್ರಂಥವಂತೂ ಪರ್ಷಿಯಾದ ಅರಸ ಕೋರೆಷನನ್ನೇ ದೇವರ ಅಭಿಷಿಕ್ತನೆಂದು ಕರೆಯುತ್ತದೆ. ಬಾಬಿಲೋನಿನಲ್ಲಿ ಸೆರೆಯಾಗಿದ್ದವರನ್ನು ಊರಿಗೆ ಬಿಟ್ಟುಕೊಟ್ಟವನು ಅವನು. ಹಾಗಾಗಿ ಈ ಬಿರುದಿಗೆ ಆರಂಭದಲ್ಲಿ ದೈವತ್ವದ ಸೋಂಕಿರಲಿಲ್ಲ. ಮಾಡಬೇಕಾದ ಒಂದು ಕೆಲಸ ಮಾತ್ರ ಇತ್ತು. ದಾವೀದನ ಸಂತತಿಯ ಸಿಂಹಾಸನ ಎಂದೆಂದಿಗೂ ನಿಲ್ಲುವುದೆಂದು ಪ್ರವಾದಿ ನಾತಾನ ಕೊಟ್ಟ ವಾಗ್ದಾನ ಎರಡನೆಯ ಸಮುವೇಲನ ಏಳನೆಯ ಅಧ್ಯಾಯದಲ್ಲಿದೆ. ಕ್ರಿಸ್ತಪೂರ್ವ 586ರಲ್ಲಿ ಬಾಬಿಲೋನಿನ ಸೇನೆ ಯೆರೂಸಲೇಮನ್ನು ಹಾಳುಮಾಡಿ ದೇವಾಲಯವನ್ನು ಸುಟ್ಟಿತು. ದಾವೀದನ ಸಿಂಹಾಸನ ಹೋಯಿತು, ವಾಗ್ದಾನ ಉಳಿಯಿತು. ಆ ಉಳಿದ ವಾಗ್ದಾನದಿಂದಲೇ ಮುಂದೆ ಬರಲಿರುವ ಒಬ್ಬನ ನಿರೀಕ್ಷೆ ಬೆಳೆಯಿತು.

ಆದರೆ ಆ ನಿರೀಕ್ಷೆ ಒಂದೇ ರೂಪದಲ್ಲಿ ಇರಲಿಲ್ಲ. ಕ್ರಿಸ್ತಪೂರ್ವ 63ರಲ್ಲಿ ಪಾಂಪೆ ಯೆರೂಸಲೇಮನ್ನು ಹಿಡಿದ ಮೇಲೆ ರಚನೆಯಾದ ‘ಸೊಲೊಮೋನನ ಕೀರ್ತನೆಗಳು’ ಎಂಬ ಕೃತಿ ಅನ್ಯರನ್ನು ಹೊರಗಟ್ಟಿ ನೀತಿಯಿಂದ ಆಳುವ ದಾವೀದನ ಕುಮಾರನೊಬ್ಬನಿಗಾಗಿ ಮೊರೆಯಿಡುತ್ತದೆ. ಮೃತ ಸಮುದ್ರದ ದಡದ ಕುಮ್ರಾನಿನ ಗವಿಗಳಲ್ಲಿ 1947ರಿಂದ ಸಿಕ್ಕ ಸುರುಳಿಗಳನ್ನು ನೋಡಿದರೆ, ಅಲ್ಲಿನ ಪಂಥದವರು ಇಬ್ಬರು ಮೆಸ್ಸೀಯರನ್ನು ಎದುರುನೋಡುತ್ತಿದ್ದರು: ಆರೋನನ ಕಡೆಯ ಒಬ್ಬ ಯಾಜಕ, ಇಸ್ರಾಯೇಲಿನ ಕಡೆಯ ಒಬ್ಬ ಅರಸ. ದಾನಿಯೇಲನ ಏಳನೆಯ ಅಧ್ಯಾಯದಲ್ಲಿ ಮೇಘಗಳೊಡನೆ ಬರುವ ಮನುಷ್ಯಕುಮಾರನಂಥವನೊಬ್ಬ ಇದ್ದಾನೆ. ಆ ಕಾಲದ ಎಷ್ಟೋ ಬರಹಗಳಲ್ಲಿ ಮೆಸ್ಸೀಯನೇ ಇಲ್ಲ. ದೇವರೇ ನೇರವಾಗಿ ಬಂದು ಎಲ್ಲವನ್ನೂ ಸರಿಪಡಿಸುತ್ತಾನೆ. ಯೆಹೂದ್ಯರು ಬರೀ ರಾಜಕೀಯದ ಅರಸನನ್ನು ಬಯಸಿದರು, ಯೇಸು ಆತ್ಮಿಕ ಅರಸನಾಗಿ ಬಂದ, ಅವರಿಗೆ ತಿಳಿಯಲಿಲ್ಲ ಎಂದು ಚರ್ಚಿನ ಪ್ರಸಂಗಪೀಠಗಳಿಂದ ಈಗಲೂ ಕೇಳಿಬರುತ್ತದೆ. ಇದು ಸತ್ಯಕ್ಕೆ ದೂರ, ಯೆಹೂದ್ಯರಿಗೆ ಮಾಡುವ ಅನ್ಯಾಯವೂ ಹೌದು. ಯೆಶಾಯನ ಹನ್ನೊಂದನೆಯ ಅಧ್ಯಾಯದ ಅರಸ ಬಡವರಿಗೆ ನ್ಯಾಯ ತೀರಿಸುತ್ತಾನೆ. ಬಡವನಿಗೆ ನ್ಯಾಯ ಸಿಗಲಿ ಎಂದು ಕಾಯುವುದು ಆತ್ಮಿಕವಲ್ಲದ ಕೀಳು ಆಸೆ ಎಂದು ಯಾರು ಹೇಳಿಯಾರು?

ಇನ್ನು ಯೇಸು ತನ್ನ ಬಗ್ಗೆ ತಾನೇ ಏನು ತಿಳಿದಿದ್ದ? ಮಾರ್ಕನ ಸುವಾರ್ತೆಯ ನಟ್ಟನಡುವೆ, ಎಂಟನೆಯ ಅಧ್ಯಾಯದಲ್ಲಿ, ಫಿಲಿಪ್ಪನ ಕೈಸರೈಯದ ದಾರಿಯಲ್ಲಿ ಯೇಸು ಶಿಷ್ಯರನ್ನು ತಾನು ಯಾರೆಂದು ಕೇಳುತ್ತಾನೆ. ಪೇತ್ರ ಮೆಸ್ಸೀಯ ಎನ್ನುತ್ತಾನೆ. ಯೇಸು ಅಲ್ಲ ಎನ್ನುವುದಿಲ್ಲ, ಯಾರಿಗೂ ಹೇಳಬೇಡಿರಿ ಎಂದು ಗದರಿಸುತ್ತಾನೆ. ಮರುಕ್ಷಣವೇ ಮನುಷ್ಯಕುಮಾರ ಬಹು ಕಷ್ಟಪಟ್ಟು ಸಾಯಬೇಕಾಗಿದೆ ಎಂದು ಹೇಳತೊಡಗುತ್ತಾನೆ. ಪೇತ್ರ ಅದನ್ನು ಒಪ್ಪದಾದಾಗ ಅವನನ್ನು ಸೈತಾನನೆಂದೇ ಕರೆಯುತ್ತಾನೆ. ಜರ್ಮನ್ ವಿದ್ವಾಂಸ ವಿಲಿಯಂ ವ್ರೇಡೆ 1901ರಲ್ಲಿ ಬರೆದ ಪುಸ್ತಕದಲ್ಲಿ ಈ ಗುಟ್ಟಿನ ಆಜ್ಞೆಗೆ ಬೇರೆಯದೇ ವಿವರಣೆ ಕೊಟ್ಟ: ಯೇಸು ಬದುಕಿದ್ದಾಗ ಮೆಸ್ಸೀಯನೆಂದು ಹೇಳಿಕೊಂಡಿರಲೇ ಇಲ್ಲ, ಪುನರುತ್ಥಾನದ ನಂಬಿಕೆ ಹುಟ್ಟಿದ ಮೇಲೆ ಶಿಷ್ಯರು ಅವನನ್ನು ಹಾಗೆ ಕರೆದರು, ಹಿಂದೆ ಹಾಗೆ ಕರೆದಿರಲಿಲ್ಲವೇಕೆ ಎಂಬುದಕ್ಕೆ ಸಮಾಧಾನವಾಗಿ ಈ ಗುಟ್ಟಿನ ಕಥೆ ಬಂತು. ಇಪ್ಪತ್ತನೆಯ ಶತಮಾನದ ಸಂಶೋಧನೆಯ ದೊಡ್ಡ ಪಾಲು ವ್ರೇಡೆಯೊಡನೆ ನಡೆಸಿದ ವಾದವೇ ಆಗಿದೆ.

ನನಗೆ ವ್ರೇಡೆಯ ವಿವರಣೆ ಸಾಲದು ಎನಿಸುತ್ತದೆ. ಯೇಸುವಿನ ಬದುಕಿನ ಬಗ್ಗೆ ಇತಿಹಾಸಕಾರರು ಬಹುಮಟ್ಟಿಗೆ ಒಪ್ಪುವ ಸಂಗತಿಗಳಲ್ಲಿ ಒಂದು, ‘ಯೆಹೂದ್ಯರ ಅರಸ’ ಎಂಬ ಆಪಾದನೆಯ ಮೇಲೆ ಅವನನ್ನು ಕೊಂದರು ಎಂಬುದು. ಆ ಆಪಾದನೆಯ ಫಲಕವನ್ನು ಇಬ್ರಿಯ, ಲ್ಯಾಟಿನ್, ಗ್ರೀಕ್ ಮೂರರಲ್ಲೂ ಬರೆದಿದ್ದರು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಯಾರೂ ಅವನನ್ನು ಮೆಸ್ಸೀಯನೆಂದು ಎಣಿಸಿಯೇ ಇರದಿದ್ದರೆ ರೋಮಿಗೆ ಆ ಆಪಾದನೆ ಹೊಳೆಯುತ್ತಿರಲಿಲ್ಲ. ಜೆಕರ್ಯನ ಪ್ರವಾದನೆ ನೆನಪಾಗುವಂತೆ ಕತ್ತೆಯ ಮೇಲೆ ಕೂತು ಪಸ್ಕ ಹಬ್ಬದ ಜನಸಂದಣಿಯ ನಡುವೆ ಯೆರೂಸಲೇಮಿಗೆ ಬಂದದ್ದು, ದೇವಾಲಯದ ಅಂಗಳದಲ್ಲಿ ಚಿನಿವಾರರ ಮೇಜುಗಳನ್ನು ಕೆಡವಿದ್ದು, ಇವು ಬಿರುದನ್ನು ಬಾಯಲ್ಲಿ ಹೇಳದೆ ಕೈಯಲ್ಲಿ ಮಾಡಿ ತೋರಿಸಿದ ಕೆಲಸಗಳು. ಸೆರೆಯಲ್ಲಿದ್ದ ಸ್ನಾನಿಕ ಯೋಹಾನ ಬರತಕ್ಕವನು ನೀನೋ, ಬೇರೊಬ್ಬನಿಗಾಗಿ ಕಾಯಬೇಕೋ ಎಂದು ಕೇಳಿಕಳಿಸಿದಾಗಲೂ ಯೇಸು ‘ಹೌದು, ನಾನೇ’ ಎನ್ನಲಿಲ್ಲ. ಕುರುಡರಿಗೆ ಕಣ್ಣು ಬಂದದ್ದನ್ನು, ಸತ್ತವರು ಎದ್ದದ್ದನ್ನು, ಬಡವರಿಗೆ ಶುಭವಾರ್ತೆ ಮುಟ್ಟಿದ್ದನ್ನು ಹೋಗಿ ಹೇಳಿರಿ ಎಂದ. ಕುಮ್ರಾನಿನ ಒಂದು ಸುರುಳಿಯ ಚೂರಿನಲ್ಲಿ ಮೆಸ್ಸೀಯನ ಕಾಲದ ಗುರುತುಗಳಾಗಿ ಹೆಚ್ಚುಕಡಿಮೆ ಇದೇ ಪಟ್ಟಿ ಇದೆ. ಯೋಹಾನನಂಥವನಿಗೆ ಆ ಉತ್ತರ ಅರ್ಥವಾಗದೆ ಇದ್ದಿರಲಾರದು. ತಾನು ಯಾರು ಎಂದು ಕೇಳಿದವರಿಗೆ ಯೇಸು ತನ್ನ ಕೆಲಸವನ್ನು ತೋರಿಸಿದ್ದಾನೆ.

ಲೂಕನ ಸುವಾರ್ತೆ ಇದನ್ನು ಇನ್ನೂ ಮುಂಚೆಯೇ ಇಡುತ್ತದೆ. ತಾನು ಬೆಳೆದ ನಜರೇತಿನ ಸಭಾಮಂದಿರದಲ್ಲಿ ಯೇಸು ಯೆಶಾಯನ 61ನೆಯ ಅಧ್ಯಾಯವನ್ನು ಬಿಚ್ಚಿ, ಬಡವರಿಗೆ ಶುಭವಾರ್ತೆಯನ್ನೂ ಸೆರೆಯವರಿಗೆ ಬಿಡುಗಡೆಯನ್ನೂ ಸಾರಲು ಅಭಿಷೇಕ ಹೊಂದಿದವನ ಮಾತುಗಳನ್ನು ಓದಿ, ಈ ಮಾತು ಈಹೊತ್ತು ನೆರವೇರಿತು ಎನ್ನುತ್ತಾನೆ. ಓದು ನಿಲ್ಲುವ ಜಾಗವನ್ನು ಗಮನಿಸಬೇಕು. ಯೆಶಾಯನಲ್ಲಿ ಅದೇ ವಾಕ್ಯ ದೇವರು ಮುಯ್ಯಿ ತೀರಿಸುವ ದಿನದ ಕಡೆಗೆ ಸಾಗುತ್ತದೆ. ಲೂಕನ ಯೇಸು ಅದಕ್ಕೆ ಮೊದಲೇ ಸುರುಳಿಯನ್ನು ಸುತ್ತಿಬಿಡುತ್ತಾನೆ.

ಶಿಲುಬೆಯ ಮೇಲಿನ ಸಾವು ಇದೆಲ್ಲವನ್ನೂ ಮುಗಿಸಿಬಿಡಬೇಕಿತ್ತು. ಆ ಶತಮಾನದಲ್ಲಿ ನಾಯಕ ಸತ್ತೊಡನೆ ಚದುರಿಹೋದ ಗುಂಪುಗಳು ಹಲವು. ಮುಂದೆ 132ರಿಂದ 135ರವರೆಗೆ ರೋಮಿನ ವಿರುದ್ಧ ದಂಗೆಯೆದ್ದ ಬಾರ್ ಕೊಖ್ಬನನ್ನು ಮಹಾ ರಬ್ಬಿ ಅಕೀವನೇ ಮೆಸ್ಸೀಯನೆಂದು ಒಪ್ಪಿದ್ದನೆಂದು ಯೆಹೂದ್ಯ ಪರಂಪರೆ ಹೇಳುತ್ತದೆ. ಬಾರ್ ಕೊಖ್ಬ ಸತ್ತ ಮೇಲೆ ಯಾರೂ ಅವನನ್ನು ಮೆಸ್ಸೀಯ ಎನ್ನಲಿಲ್ಲ. ಯೇಸುವಿನ ವಿಷಯದಲ್ಲಿ ಹಾಗಾಗಲಿಲ್ಲ, ಏಕೆಂದರೆ ದೇವರು ಅವನನ್ನು ಎಬ್ಬಿಸಿದ್ದಾನೆ, ತಾವು ಅವನನ್ನು ಕಂಡಿದ್ದೇವೆ ಎಂದು ಶಿಷ್ಯರು ನಂಬಿದರು. ಆ ನಂಬಿಕೆಯ ಬೆಳಕಿನಲ್ಲಿ ಶಾಸ್ತ್ರವನ್ನು ಮತ್ತೆ ಬಿಡಿಸಿದರು. ಎಮ್ಮಾಹುವಿನ ದಾರಿಯ ಕಥೆಯಲ್ಲಿ ಲೂಕ ಚಿತ್ರಿಸುವುದು ಇದನ್ನೇ. ಆಗ ಅವರಿಗೆ ದೊಡ್ಡದಾಗಿ ಕಂಡದ್ದು ಯೆಶಾಯನ 53ನೆಯ ಅಧ್ಯಾಯ: ಪರರ ಅಪರಾಧಗಳಿಗಾಗಿ ನೊಂದು, ಕೊಯ್ಯುವ ಕುರಿಯಂತೆ ಮೌನವಾಗಿದ್ದ ಸೇವಕ. ಆ ಅಧ್ಯಾಯದಲ್ಲಿ ಮೆಸ್ಸೀಯ ಎಂಬ ಮಾತಿಲ್ಲ. ಆ ಸೇವಕ ಚದುರಿಹೋಗಿ ನೊಂದ ಇಸ್ರಾಯೇಲ್ ಜನಾಂಗವೇ ಎಂದು ತನ್ನ ಕಾಲದ ಯೆಹೂದ್ಯರು ಹೇಳುತ್ತಿದ್ದರೆಂದು ಮೂರನೆಯ ಶತಮಾನದ ಕ್ರೈಸ್ತ ವಿದ್ವಾಂಸ ಒರಿಗನ್ ಬರೆದಿದ್ದಾನೆ. ಹನ್ನೊಂದನೆಯ ಶತಮಾನದ ಯೆಹೂದ್ಯ ಪಂಡಿತ ರಾಶಿಯ ಭಾಷ್ಯವೂ ಅದನ್ನೇ ಹೇಳುತ್ತದೆ. ಪ್ರವಾದನೆಗಳನ್ನು ಒಂದೊಂದಾಗಿ ಎಣಿಸಿ ಯೇಸುವಿಗೆ ಹೊಂದಿಸಿ ತೋರಿಸುವ ಕಿರುಪುಸ್ತಕಗಳು ಈ ಓದನ್ನು ಮರೆಮಾಚುತ್ತವೆ. ಆದಿ ಕ್ರೈಸ್ತರು ಶಾಸ್ತ್ರದಿಂದ ಶಿಲುಬೆಯನ್ನು ಊಹಿಸಲಿಲ್ಲ. ಶಿಲುಬೆ ಅವರ ಎದುರಿಗಿತ್ತು. ಅಲ್ಲಿಂದ ಶಾಸ್ತ್ರದ ಕಡೆಗೆ ತಿರುಗಿ ನೋಡಿದರು. ಹೀಗೆ ಒಪ್ಪಿಕೊಳ್ಳುವುದರಿಂದ ಆ ನಂಬಿಕೆಗೆ ಕುಂದಿಲ್ಲ.

ಶಿಲುಬೆಗೇರಿದ ಮೆಸ್ಸೀಯನೆಂಬ ಈ ತೊಡಕು ಪ್ರೇಷಿತ ಪೌಲನಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತನೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲ ಆ ಶಾಪದ ಮಾತನ್ನು ಬಿಟ್ಟುಹೋಗುವುದಿಲ್ಲ, ಎತ್ತಿಕೊಳ್ಳುತ್ತಾನೆ: ಕ್ರಿಸ್ತನು ನಮಗೋಸ್ಕರ ಶಾಪವೇ ಆದನು. ಅವನ ಪತ್ರಿಕೆಗಳು ಕ್ರಿಸ್ತಶಕ 50ರ ದಶಕದವು, ಸುವಾರ್ತೆಗಳಿಗಿಂತ ಹಳೆಯವು. ಫಿಲಿಪ್ಪಿಯದವರಿಗೆ ಬರೆದದ್ದರಲ್ಲಿ ಆಗಲೇ ದೇವಸ್ವರೂಪನಾಗಿದ್ದವನು ದಾಸನ ರೂಪ ತಾಳಿ ಶಿಲುಬೆಯ ಮರಣದ ತನಕ ಇಳಿದುಬಂದ ವರ್ಣನೆಯಿದೆ. ಇಷ್ಟು ಬೇಗ ಇಷ್ಟು ಎತ್ತರದ ಮಾತು ಹೇಗೆ ಬಂತು ಎಂಬುದು ಈಗಲೂ ಬಿಸಿ ಚರ್ಚೆಯ ವಿಷಯ. ಗ್ರೀಕ್ ಊರುಗಳ ಸಭೆಗಳಲ್ಲಿ, ಅಲ್ಲಿನ ದೇವತಾರಾಧನೆಯ ಸಂಪರ್ಕದಿಂದ ಯೇಸುವಿನ ಆರಾಧನೆ ಬೆಳೆಯಿತೆಂದು 1913ರಲ್ಲಿ ವಿಲ್ಹೆಲ್ಮ್ ಬೂಸೆಟ್ ವಾದಿಸಿದ. ಅದು ಮೊದಲ ಕೆಲವೇ ವರ್ಷಗಳಲ್ಲಿ, ಯೆಹೂದ್ಯ ಶಿಷ್ಯರ ನಡುವೆಯೇ ಹೊಮ್ಮಿತೆಂದು ಲ್ಯಾರಿ ಹರ್ಟಾಡೊ 2003ರಲ್ಲಿ ವಿಸ್ತಾರವಾಗಿ ಬರೆದರು. ಬಾರ್ಟ್ ಅರ್ಮನ್ 2014ರ ತಮ್ಮ ಪುಸ್ತಕದಲ್ಲಿ ಮನುಷ್ಯ ಯೇಸು ದೇವರೆನಿಸಿಕೊಂಡ ಹಂತಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದ್ದಾರೆ. ಹರ್ಟಾಡೊ ಅವರ ಸಾಕ್ಷ್ಯಗಳು ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತವೆ.

ಅನ್ಯಜನರು ಸಭೆಗೆ ಸೇರುತ್ತಾ ಹೋದಂತೆ ದಾವೀದನ ಸಿಂಹಾಸನ ಎಂಬುದು ದೂರದ ಮಾತಾಯಿತು. ಕ್ರಿಸ್ತ ಎಂಬ ಬಿರುದು ಯೇಸುವಿನ ಎರಡನೆಯ ಹೆಸರಿನಂತಾಗಿ, ಅದರೊಳಗಿನ ಅರಸುತನ ಮಸುಕಾಯಿತು. ಒಂದು ಕಡೆ, ಎಬಿಯೋನರು ಎಂಬ ಯೆಹೂದ್ಯ ಕ್ರೈಸ್ತರು ಯೇಸು ಮೆಸ್ಸೀಯ ಹೌದು, ಆದರೆ ಮನುಷ್ಯನೇ ಎಂದರು. ಇನ್ನೊಂದು ಕಡೆ, ಅವನು ದೇವರೇ, ದೇಹ ಬರೀ ತೋರಿಕೆ ಎಂದವರಿದ್ದರು. ಎರಡನೆಯ ಶತಮಾನದ ನಡುಭಾಗದಲ್ಲಿ ರೋಮಿನಲ್ಲಿದ್ದ ಮಾರ್ಸಿಯನ್ ಯೆಹೂದ್ಯರ ದೇವರೂ ಶಾಸ್ತ್ರವೂ ಬೇಡವೇ ಬೇಡ ಎಂದ. ಸಭೆ ಅವನನ್ನು ತಳ್ಳಿಹಾಕಿದ್ದು ದೊಡ್ಡ ನಿರ್ಧಾರ. ಇಲ್ಲದಿದ್ದರೆ ಮೆಸ್ಸೀಯ ಎಂಬ ಮಾತಿಗೆ ಬೇರೇ ಉಳಿಯುತ್ತಿರಲಿಲ್ಲ.

325ರಲ್ಲಿ ನಿಸೀಯದಲ್ಲಿ ಕೂಡಿದ ಮಹಾಸಭೆಯನ್ನು ಪದಗಳ ಜಗಳವೆಂದು ಹಗುರವಾಗಿ ಕಾಣುವವರಿದ್ದಾರೆ. ಅಲೆಕ್ಸಾಂಡ್ರಿಯದ ಅರಿಯಸ್ ಹೇಳಿದ್ದು, ಮಗನು ಎಲ್ಲ ಸೃಷ್ಟಿಗಿಂತ ಹಿರಿಯನಾದರೂ ಸೃಷ್ಟಿಯಾದವನೇ, ಅವನು ಇಲ್ಲದಿದ್ದ ಕಾಲವೊಂದಿತ್ತು ಎಂದು. ಮಹಾಸಭೆ ಮಗನು ತಂದೆಯೊಡನೆ ಒಂದೇ ಸತ್ತ್ವದವನು ಎಂದು ಘೋಷಿಸಿತು. ಆ ನಿಲುವಿಗಾಗಿ ಐದು ಸಲ ಗಡಿಪಾರಾದ ಅಥನೇಸಿಯಸನ ವಾದದ ತಿರುಳು ತರ್ಕಶಾಸ್ತ್ರದ್ದಲ್ಲ, ರಕ್ಷಣೆಯದು. ಮನುಷ್ಯರು ಸಾವಿಗೂ ಅಳಿವಿಗೂ ಸಿಕ್ಕಿಬಿದ್ದಿದ್ದಾರೆ. ಅವರನ್ನು ಹೊಸದಾಗಿ ಮಾಡಲು ಮಾಡಿದವನಿಂದ ಮಾತ್ರ ಸಾಧ್ಯ. ಯೇಸು ಸೃಷ್ಟಿಯಾದವನಾದರೆ ಅವನಿಗೂ ರಕ್ಷಕನೊಬ್ಬ ಬೇಕಾಗುತ್ತಾನೆ. ಮುಂದಿನ ಸುತ್ತಿನಲ್ಲಿ ಅಪೊಲ್ಲಿನೇರಿಯಸ್ ಕ್ರಿಸ್ತನಲ್ಲಿ ಮನುಷ್ಯನ ಮನಸ್ಸಿರಲಿಲ್ಲ, ಆ ಜಾಗದಲ್ಲಿ ದೇವರ ವಾಕ್ಯವೇ ಇತ್ತು ಎಂದಾಗ, ನಜಿಯಾನ್ಜಸಿನ ಗ್ರೆಗರಿ ಕೊಟ್ಟ ಉತ್ತರವೂ ಅದೇ ದಾರಿಯದು: ಅವನು ಧರಿಸದೆ ಬಿಟ್ಟದ್ದು ವಾಸಿಯಾಗದೆ ಉಳಿಯುತ್ತದೆ. ಯಾತಕ್ಕೆ ಎಂಬ ಪ್ರಶ್ನೆಯೇ ಇಲ್ಲಿ ಯಾರು ಎಂಬ ಪ್ರಶ್ನೆಯನ್ನು ತೀರ್ಮಾನಿಸುತ್ತಿದೆ. ಈ ಹಿರಿಯರನ್ನು ನಾನು ಗೌರವದಿಂದ ಓದುವುದು ಈ ಕಾರಣಕ್ಕೆ.

451ರಲ್ಲಿ ಕಾಲ್ಸೆಡನ್ ಮಹಾಸಭೆ ಕ್ರಿಸ್ತನು ಪೂರ್ಣ ದೇವರು, ಪೂರ್ಣ ಮನುಷ್ಯ, ಎರಡು ಸ್ವಭಾವಗಳು ಬೆರೆಯದೆ ಬೇರೆಯಾಗದೆ ಒಬ್ಬನೇ ವ್ಯಕ್ತಿಯಲ್ಲಿವೆ ಎಂದಿತು. ಅದನ್ನು ಒಪ್ಪದ ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯನ್, ಇಥಿಯೋಪಿಯನ್, ಸಿರಿಯನ್ ಆರ್ಥೊಡಾಕ್ಸ್ ಸಭೆಗಳು ಬೇರೆಯಾದವು. 431ರ ಎಫೆಸ ಮಹಾಸಭೆಯ ಸಮಯದಲ್ಲೇ ದೂರವಾದ ಪೂರ್ವದ ಸಭೆ ಪರ್ಷಿಯಾದಿಂದ ಚೀನಾದವರೆಗೂ ಹಬ್ಬಿತು. ನಮ್ಮ ನೆರೆಯ ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಕಾಲ್ಸೆಡನನ್ನು ಒಪ್ಪಿದವರು, ಒಪ್ಪದವರು, ಪೂರ್ವದ ಸಭೆಯವರು ಮೂವರೂ ಇದ್ದಾರೆ. 1994ರ ನವೆಂಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಮತ್ತು ಅಸ್ಸೀರಿಯನ್ ಪೂರ್ವ ಸಭೆಯ ಮಾರ್ ದಿನ್ಖಾ ಕ್ರಿಸ್ತನ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದರು. ಸಾವಿರದೈನೂರು ವರ್ಷಗಳ ಬೇರ್ಪಾಟಿನ ಬಳಿಕ ನಂಬಿದ್ದು ಒಂದನ್ನೇ ಎಂದು ಒಪ್ಪಿಕೊಂಡ ಆ ಕಾಗದಕ್ಕೆ ಪ್ರಚಾರ ಸಿಗಲಿಲ್ಲ, ಸಿಗಬೇಕಿತ್ತು.

ಆದರೆ ವಿಶ್ವಾಸಪ್ರಮಾಣಗಳಲ್ಲಿ ಒಂದು ದೊಡ್ಡ ಖಾಲಿ ಜಾಗವಿದೆ. ಭಾನುವಾರ ಚರ್ಚುಗಳಲ್ಲಿ ಹೇಳುವ ಪ್ರೇಷಿತರ ವಿಶ್ವಾಸಪ್ರಮಾಣ ಕನ್ಯೆಯಲ್ಲಿ ಹುಟ್ಟಿದ್ದನ್ನು ಹೇಳಿದ ಕೂಡಲೇ ರೋಮಿನ ಅಧಿಪತಿ ಪಿಲಾತನ ಕಾಲದಲ್ಲಿ ಬಾಧೆಪಟ್ಟದ್ದಕ್ಕೆ ಬಂದುಬಿಡುತ್ತದೆ. ನಿಸೀಯದ್ದೂ ಹಾಗೆಯೇ. ಗಲಿಲಾಯದ ಹಳ್ಳಿಗಳು, ಕುಷ್ಠರೋಗಿಯನ್ನು ಮುಟ್ಟಿದ ಕೈ, ಸುಂಕದವರ ಮನೆಯ ಊಟ, ಬೆಟ್ಟದ ಮೇಲಿನ ಪ್ರಸಂಗ, ಯಾವುದೂ ಇಲ್ಲ. ಸ್ನಾನಿಕ ಯೋಹಾನನಿಗೆ ಯೇಸು ತೋರಿಸಿದ ಗುರುತುಗಳೆಲ್ಲ ಆ ಖಾಲಿ ಜಾಗದಲ್ಲೇ ಇದ್ದವು. ವಿಶ್ವಾಸಪ್ರಮಾಣಗಳು ಆಯಾ ಕಾಲದ ವಿವಾದಗಳಿಗೆ ಉತ್ತರವಾಗಿ ಬಂದವು, ಎಲ್ಲವನ್ನೂ ಹೇಳಲು ಹೊರಟವಲ್ಲ, ನಿಜ. ಆದರೂ ತಲೆತಲಾಂತರ ಬಾಯಿಪಾಠವಾಗುವುದು ಜನರ ನಂಬಿಕೆಯ ಆಕಾರವನ್ನು ತಿದ್ದುತ್ತದೆ. ಮೆಸ್ಸೀಯ ಹುಟ್ಟಲಿಕ್ಕೂ ಸಾಯಲಿಕ್ಕೂ ಮಾತ್ರ ಬಂದನೇನೋ ಎನ್ನುವಂತಾಯಿತು.

ಆ ಸಾವು ಮಾಡಿದ್ದೇನು ಎಂಬುದನ್ನು ಮಾತ್ರ ಯಾವ ಆದಿ ಮಹಾಸಭೆಯೂ ಸೂತ್ರವಾಗಿ ಕಟ್ಟಲಿಲ್ಲ. ಹಾಗಾಗಿ ಇಲ್ಲಿ ಹಲವು ದಾರಿಗಳಿವೆ. ಮನುಷ್ಯಕುಮಾರ ತನ್ನ ಪ್ರಾಣವನ್ನು ಅನೇಕರಿಗಾಗಿ ಈಡುಕೊಡಲು ಬಂದನೆಂದು ಮಾರ್ಕ ಹೇಳುತ್ತಾನೆ. ಈಡು ಯಾರಿಗೆ? ಸೈತಾನನಿಗೆ ಎಂದರು ಕೆಲವರು. ನಿಸ್ಸಾದ ಗ್ರೆಗರಿ ಮನುಷ್ಯದೇಹದ ಎರೆಯೊಳಗೆ ದೈವತ್ವದ ಗಾಳವನ್ನು ಅಡಗಿಸಿ ಸೈತಾನನನ್ನು ಹಿಡಿದಂತೆ ವರ್ಣಿಸಿದ. ಅವನ ಗೆಳೆಯ, ನಜಿಯಾನ್ಜಸಿನ ಗ್ರೆಗರಿಗೆ ಕಳ್ಳನಿಗೆ ದೇವರು ಬೆಲೆ ತೆತ್ತನೆಂಬ ಮಾತೇ ಅಸಹ್ಯವಾಯಿತು. ಎರಡನೆಯ ಶತಮಾನದ ಐರಿನೇಯಸ್ ಇವರಿಗಿಂತ ವಿಶಾಲವಾಗಿ ಯೋಚಿಸಿದ್ದ: ಆದಾಮ ಕೆಡಿಸಿದ ಮನುಷ್ಯ ಬಾಳನ್ನು ಕ್ರಿಸ್ತನು ಹುಟ್ಟಿನಿಂದ ಸಾವಿನವರೆಗೆ ಮತ್ತೆ ಬಾಳಿ ಸರಿಪಡಿಸಿದ. ಗಲಿಲಾಯಕ್ಕೂ ಇದರಲ್ಲಿ ಜಾಗವಿದೆ. 1098ರಲ್ಲಿ ಮುಗಿದ ಗ್ರಂಥದಲ್ಲಿ ಆನ್ಸೆಲ್ಮ್ ಸೈತಾನನನ್ನು ಲೆಕ್ಕದಿಂದಲೇ ತೆಗೆದುಹಾಕಿ, ಪಾಪದಿಂದ ದೇವರ ಗೌರವಕ್ಕೆ ಬಂದ ಕೊರತೆಯನ್ನು ತೀರಿಸುವ ಹೊಣೆ ಮನುಷ್ಯನದು, ತೀರಿಸುವ ಶಕ್ತಿ ದೇವರದು, ಆದ್ದರಿಂದ ದೇವರೇ ಮನುಷ್ಯನಾದ ಎಂದ. ಅಬೆಲಾರ್ಡ್ ಶಿಲುಬೆಯಲ್ಲಿ ಕಂಡದ್ದು ನಮ್ಮ ಮನಸ್ಸನ್ನು ತಿರುಗಿಸುವ ದೇವರ ಪ್ರೀತಿಯನ್ನು. ಹದಿನಾರನೆಯ ಶತಮಾನದ ಸುಧಾರಕರು, ಮುಖ್ಯವಾಗಿ ಕ್ಯಾಲ್ವಿನ್, ನಮ್ಮ ಶಿಕ್ಷೆಯನ್ನು ಅವನು ಹೊತ್ತ ಎಂದರು. ಇಂದಿನ ಬಹುಪಾಲು ಪ್ರೊಟೆಸ್ಟಂಟ್ ಪ್ರಸಂಗಗಳ ಜೀವಾಳ ಇದು. ಸ್ವೀಡನ್ನಿನ ಗುಸ್ತಾಫ್ ಔಲೆನ್ 1930ರ ದಶಕದ ಹೊತ್ತಿಗೆ ಸಾವನ್ನೂ ದುಷ್ಟತನವನ್ನೂ ಗೆದ್ದ ಕ್ರಿಸ್ತ ಎಂಬ ಹಳೆಯ ನೋಟಕ್ಕೆ ಮತ್ತೆ ಜೀವ ಕೊಟ್ಟ.

ಇವುಗಳಲ್ಲಿ ಒಂದನ್ನೇ ಹಿಡಿದು ಉಳಿದವನ್ನು ಬಿಟ್ಟಾಗ ತೊಂದರೆ ಶುರುವಾಗುತ್ತದೆ. ಶಿಕ್ಷೆಯ ವಿವರಣೆಯೊಂದೇ ಉಳಿದರೆ ಕೋಪಗೊಂಡ ತಂದೆ, ಪೆಟ್ಟು ತಿಂದ ಮಗ ಎಂಬ ಚಿತ್ರ ಉಳಿಯುತ್ತದೆ. ಮನೆಯಲ್ಲಿ ಹಿಂಸೆ ಸಹಿಸುವ ಹೆಂಗಸರಿಗೆ ಇದನ್ನೇ ಆದರ್ಶವೆಂದು ಬೋಧಿಸಿದ್ದುಂಟು, ಸ್ತ್ರೀವಾದಿ ದೇವಶಾಸ್ತ್ರಜ್ಞರು ಅದನ್ನು ಬಲವಾಗಿ ಖಂಡಿಸಿದ್ದಾರೆ. ಕ್ಯಾಲ್ವಿನನಲ್ಲೇ ಇದಕ್ಕಿಂತ ತುಂಬಿದ ಮಾತಿದೆ. ತನ್ನ ಮಹಾಗ್ರಂಥದ 1559ರ ಆವೃತ್ತಿಯಲ್ಲಿ ಅವನು ಅಭಿಷೇಕದ ಮೂಲಾರ್ಥಕ್ಕೇ ಮರಳಿ, ಕ್ರಿಸ್ತನು ಪ್ರವಾದಿ, ಅರಸ, ಯಾಜಕ ಮೂರೂ ಆಗಿದ್ದಾನೆ ಎಂದ. ಬೋಧಿಸುವವನು, ಆಳುವವನು, ತನ್ನನ್ನೇ ಅರ್ಪಿಸುವವನು. ಯಾಜಕನ ಮಾತಿಗೆ ಇಬ್ರಿಯರಿಗೆ ಬರೆದ ಪತ್ರಿಕೆಯ ಆಧಾರವಿದೆ. ಅದು ಯೇಸುವನ್ನು ಆರೋನನ ಸಾಲಿಗಲ್ಲ, ಅಬ್ರಹಾಮನನ್ನು ಹರಸಿದ ಮೆಲ್ಕಿಚೆದೇಕನ ತರಹದ ಯಾಜಕತ್ವಕ್ಕೆ ಸೇರಿಸುತ್ತದೆ.

ಎರಡನೆಯ ಆಕ್ಷೇಪ, ಅಂದರೆ ಲೋಕ ಬದಲಾಗಲಿಲ್ಲ ಎಂಬುದು, ಇನ್ನೂ ಹಾಗೆಯೇ ಉಳಿದಿದೆ. ಅದನ್ನು ಅತ್ಯಂತ ನೇರವಾಗಿ ಹೇಳಿದವನು ಗಿರೋನಾದ ರಬ್ಬಿ ಮೋಶೆ ಬೆನ್ ನಹ್ಮಾನ್. 1263ರಲ್ಲಿ ಬಾರ್ಸಿಲೋನದಲ್ಲಿ, ಅರಗೋನಿನ ಅರಸ ಒಂದನೆಯ ಜೇಮ್ಸನ ಎದುರು, ಯೆಹೂದ್ಯನಾಗಿದ್ದು ಕ್ರೈಸ್ತ ಸಂನ್ಯಾಸಿಯಾದ ಪಾಬ್ಲೊ ಕ್ರಿಸ್ತಿಯಾನಿಯೊಡನೆ ಅವನು ವಾದಿಸಬೇಕಾಯಿತು. ವಿಷಯ, ಮೆಸ್ಸೀಯ ಬಂದಾಯಿತೇ ಇಲ್ಲವೇ ಎಂಬುದು. ಜನಾಂಗಗಳು ಕತ್ತಿಗಳನ್ನು ಗುಳಗಳಾಗಿ ಮಾಡುವ ಕಾಲವನ್ನು ಪ್ರವಾದಿಗಳು ಹೇಳಿದ್ದರು. ಯೇಸುವಿನ ಕಾಲದಿಂದ ಇಂದಿನವರೆಗೂ ಲೋಕ ಹಿಂಸೆಯಿಂದಲೂ ಸುಲಿಗೆಯಿಂದಲೂ ತುಂಬಿದೆ. ಯುದ್ಧವಿದ್ಯೆಯನ್ನು ಬಿಡಬೇಕಾಗಿ ಬಂದರೆ ನಿನಗೂ ನಿನ್ನ ಸರದಾರರಿಗೂ ಎಷ್ಟು ಕಷ್ಟವಾದೀತು ಎಂದು ಅವನು ಅರಸನಿಗೇ ಹೇಳಿದ. ಇದು ತನ್ನ ವಾದದ ಬಗ್ಗೆ ಅವನೇ ಬರೆದಿಟ್ಟ ವರದಿ. ಆ ವರದಿಗಾಗಿ ಕಿರುಕುಳಕ್ಕೊಳಗಾಗಿ, ಮುಪ್ಪಿನಲ್ಲಿ ಸ್ಪೇನ್ ಬಿಟ್ಟು, 1267ರಲ್ಲಿ ಯೆರೂಸಲೇಮ್ ಸೇರಿದ. ಅವನ ಮಾತಿಗೆ ಸರಿಯಾದ ಉತ್ತರ ಕೊಡದೆ ಕ್ರೈಸ್ತ ಯೂರೋಪು ಯೆಹೂದ್ಯರ ಮೇಲೆ ಶತಮಾನಗಳ ಕಾಲ ಕೈಮಾಡಿತು. ಹಾಗೆ ಮಾಡಿ ಅವನ ಮಾತನ್ನೇ ಸಾಬೀತುಪಡಿಸಿತು.

ಕ್ರೈಸ್ತರ ಬಳಿ ಉತ್ತರವಿಲ್ಲ ಎಂದಲ್ಲ. ಎರಡನೆಯ ಶತಮಾನದ ಜಸ್ಟಿನ್, ಟ್ರೈಫೋ ಎಂಬ ಯೆಹೂದ್ಯನೊಡನೆ ನಡೆಸಿದ್ದೆಂದು ಬರೆದ ಸಂವಾದದಲ್ಲೇ ಅದಿದೆ: ಬರುವಿಕೆ ಎರಡು, ಮೊದಲನೆಯದು ದೀನತೆಯಲ್ಲಿ, ಎರಡನೆಯದು ಮಹಿಮೆಯಲ್ಲಿ. ನಡುವಿನ ಕಾಲವನ್ನು ಹೇಗೆ ಎಣಿಸಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಪ್ರಕಟನೆ ಗ್ರಂಥ ಹೇಳುವ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯನ್ನು ಅಗಸ್ಟೀನ್ ಸಭೆಯ ಕಾಲವೆಂದೇ ಓದಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಹರಡಿದ, 1909ರ ಸ್ಕೋಫೀಲ್ಡ್ ಬೈಬಲ್ ಮನೆಮನೆಗೆ ಮುಟ್ಟಿಸಿದ ಕಾಲವಿಭಾಗಗಳ ಲೆಕ್ಕಾಚಾರ ಇಂದು ಅನೇಕ ಪೆಂಟೆಕೋಸ್ತಲ್ ಸಭೆಗಳಲ್ಲಿ ಕೇಳಿಬರುತ್ತದೆ. ಎರಡನೆಯ ಬರುವಿಕೆಗೆ ತಾರೀಕು ಹೇಳಿದವರೆಲ್ಲ ಸೋತಿದ್ದಾರೆ. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರಿನಲ್ಲಿ ಕಾದು ಎದೆಗೆಟ್ಟರು. ಇವೆಲ್ಲಕ್ಕಿಂತ ನನಗೆ ಒಪ್ಪಿಗೆಯಾಗುವುದು ಆಸ್ಕರ್ ಕುಲ್‌ಮನ್ 1946ರಲ್ಲಿ ಮುಂದಿಟ್ಟ ವಿವರಣೆ: ಯುದ್ಧದ ದಿಕ್ಕು ಬದಲಿಸುವ ಕಾಳಗ ಗೆದ್ದಾಗಿದೆ, ಯುದ್ಧ ಮುಗಿದಿಲ್ಲ. ಆದರೂ ನೊಂದವರಿಗೆ ಈ ಮಾತಿನಿಂದ ಪೂರ್ತಿ ಸಮಾಧಾನವಾಗುತ್ತದೆಂದು ಹೇಳಲಾರೆ.

ಯೆಹೂದ್ಯರ ಕಾಯುವಿಕೆಯನ್ನು ಕ್ರೈಸ್ತರು ನೋಡುವ ರೀತಿ ಮಾತ್ರ ನಾಜಿ ಹತ್ಯಾಕಾಂಡದ ನಂತರ ಬದಲಾಗಿದೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಯೇಸುವಿನ ಸಾವಿನ ಅಪರಾಧವನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸುವುದನ್ನು ತಳ್ಳಿಹಾಕಿತು. 2001ರಲ್ಲಿ ಪೋಪರ ಬೈಬಲ್ ಆಯೋಗ ಯೆಹೂದ್ಯರ ಮೆಸ್ಸೀಯ ನಿರೀಕ್ಷೆ ವ್ಯರ್ಥವಲ್ಲವೆಂದೂ, ಕ್ರೈಸ್ತರೂ ಅವರಂತೆಯೇ ಕಾಯುತ್ತಿರುವವರೆಂದೂ, ಬರುವವನಲ್ಲಿ ಕ್ರೈಸ್ತರು ಯೇಸುವಿನ ಮುಖವನ್ನು ಕಾಣುವರೆಂಬುದೇ ವ್ಯತ್ಯಾಸವೆಂದೂ ಹೇಳಿತು.

ಭಾರತದಲ್ಲಿ ಈ ಪ್ರಶ್ನೆಗೆ ಬೇರೊಂದು ತಿರುವು ಸಿಕ್ಕಿತು. 1820ರಲ್ಲಿ ಕಲ್ಕತ್ತದಲ್ಲಿ ರಾಮಮೋಹನ ರಾಯರು ಸುವಾರ್ತೆಗಳಿಂದ ಪವಾಡಗಳನ್ನೂ ದೈವತ್ವದ ಮಾತನ್ನೂ ಬಿಟ್ಟು ನೀತಿಬೋಧೆಯನ್ನು ಮಾತ್ರ ಆರಿಸಿ ಪ್ರಕಟಿಸಿದರು. ಶ್ರೀರಾಮಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಕೆರಳಿದ. ಪ್ರಾಯಶ್ಚಿತ್ತವಿಲ್ಲದ ಕ್ರಿಸ್ತ ಕ್ರಿಸ್ತನೇ ಅಲ್ಲ ಎಂದು ವಾದಿಸಿದ. ಒಬ್ಬರು ಬದುಕನ್ನು ಹಿಡಿದು ಸಾವನ್ನು ಬಿಟ್ಟರು, ಇನ್ನೊಬ್ಬ ಸಾವನ್ನು ಹಿಡಿದು ಬದುಕನ್ನು ಹಿಂದಕ್ಕೆ ತಳ್ಳಿದ. ಬೆಂಗಳೂರಿನ ಕ್ರೈಸ್ತ ಅಧ್ಯಯನ ಸಂಸ್ಥೆಯನ್ನು ಮುನ್ನಡೆಸಿದ ಎಂ. ಎಂ. ಥಾಮಸ್ ಅವರು ಭಾರತೀಯ ನವೋದಯದ ನಾಯಕರು ಕ್ರಿಸ್ತನನ್ನು ಕಂಡ ಬಗೆಯನ್ನು ಕುರಿತು 1969ರಲ್ಲಿ ಬರೆದ ಗ್ರಂಥ ಈ ವಾಗ್ವಾದದಿಂದಲೇ ಆರಂಭವಾಗುವ ಪರಂಪರೆಯನ್ನು ಪರಿಶೀಲಿಸುತ್ತದೆ. ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ದೇವಶಾಸ್ತ್ರ ಕಾಲೇಜಿನಲ್ಲಿ ಕಲಿಸಿ, ಮುಂದೆ ಜಿನೀವಾದಲ್ಲಿ ಸಭೆಗಳ ವಿಶ್ವ ಒಕ್ಕೂಟದ ಅಂತರಧರ್ಮೀಯ ಸಂವಾದ ವಿಭಾಗವನ್ನು ಕಟ್ಟಿದ ಸ್ಟಾನ್ಲಿ ಸಮರ್ಥ ಅವರು 1991ರ ಪುಸ್ತಕದಲ್ಲಿ ಕ್ರಿಸ್ತನಿಗೆ ನಿಷ್ಠರಾಗಿದ್ದುಕೊಂಡೇ ದೇವರ ರಹಸ್ಯ ಅವನೊಬ್ಬನಲ್ಲೇ ಮುಗಿಯಿತೆನ್ನದಿರುವುದು ಹೇಗೆ ಎಂದು ಕೇಳಿದರು. ಕನ್ನಡದಲ್ಲಿ ಗೋವಿಂದ ಪೈಯವರ ‘ಗೊಲ್ಗೊಥಾ’ ಯೇಸುವಿನ ಕಡೆಯ ದಿನವನ್ನು ಕ್ರೈಸ್ತನಲ್ಲದ ಕವಿಯೊಬ್ಬನ ಭಕ್ತಿಯಿಂದ ಕಂಡಿದೆ.

ಲ್ಯಾಟಿನ್ ಅಮೆರಿಕದಲ್ಲಿ ಗುಸ್ತಾವೊ ಗುಟಿಯೆರ‍್ರೆಜ್ 1971ರಲ್ಲಿ ವಿಮೋಚನಾ ದೇವಶಾಸ್ತ್ರದ ಗ್ರಂಥ ಬರೆದು ನಜರೇತಿನ ಸಭಾಮಂದಿರದ ಆ ಓದಿಗೆ ಮತ್ತೆ ಕಿವಿಗೊಡುವಂತೆ ಮಾಡಿದ ಹತ್ತು ವರ್ಷದಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಭಾರತದ ಕ್ರೈಸ್ತ ದೇವಶಾಸ್ತ್ರವನ್ನೇ ಪ್ರಶ್ನಿಸಿದರು. ಅದು ವೇದಾಂತದೊಡನೆ ಮಾತಾಡಿತು, ಮೇಲ್ಜಾತಿಯಿಂದ ಬಂದವರ ಅನುಭವವನ್ನು ಬರೆಯಿತು. ಸಭೆಯ ಬಹುಪಾಲು ಜನ ದಲಿತರು, ಅವರ ನೋವು ಅದರಲ್ಲಿ ಎಲ್ಲಿದೆ? ಮುಂದೆ ನಿರ್ಮಲ್ ಅವರು ಯೇಸುವೇ ದಲಿತ ಎಂದು ವಾದಿಸಿದರು. ಅವನ ವಂಶಾವಳಿಯಲ್ಲಿ ತಾಮಾರ, ರಾಹಾಬರಂಥ ಹೆಂಗಸರಿದ್ದಾರೆ; ಅವನು ಉಂಡದ್ದು ಹೊರಗಿಟ್ಟವರೊಡನೆ; ದೇವಾಲಯದ ಅಂಗಳವನ್ನು ತೆರವುಮಾಡಿದ್ದು ಅಲ್ಲಿಂದಾಚೆ ಪ್ರವೇಶವಿಲ್ಲದವರಿಗಾಗಿ; ಶಿಲುಬೆಯ ಮೇಲೆ ಕೈಬಿಡಲ್ಪಟ್ಟವನ ಕೂಗು ಅವನದು. ಮೊದಲ ಶತಮಾನದ ಗಲಿಲಾಯಕ್ಕೆ ನಮ್ಮ ಜಾತಿಯ ಹೆಸರನ್ನು ಇಡುವುದು ಇತಿಹಾಸಕಾರನಿಗೆ ಕಸಿವಿಸಿ ತರಬಹುದು. ಆದರೆ ಅವನು ಯಾರು ಎಂಬುದನ್ನು ಅವನು ಯಾರ ಜೊತೆಗಿದ್ದ, ಯಾರಿಗಾಗಿ ಬಂದ ಎಂಬುದರಿಂದಲೇ ತಿಳಿಯಬೇಕೆಂಬ ಪಟ್ಟು ಸುವಾರ್ತೆಗಳದ್ದೇ.

ಈ ಮಾತು ಮೊದಲು ತಾಗುವುದು ಸಭೆಗೇ. ನಮ್ಮ ದೇಶದಲ್ಲಿ ಜಾತಿಗೊಂದು ಸ್ಮಶಾನ ಉಳಿಸಿಕೊಂಡ ಚರ್ಚುಗಳಿವೆ, ಜಾತಿ ನೋಡಿ ನೆಂಟಸ್ತಿಕೆ ಮಾಡುವ ಕುಟುಂಬಗಳಿವೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅದನ್ನು ವಿಸ್ತರಿಸಲಾಯಿತು. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂಬುದು ಈ ವ್ಯತ್ಯಾಸಕ್ಕೆ ಕೊಡುವ ಸಮರ್ಥನೆಗಳಲ್ಲಿ ಒಂದು. ಮೆಸ್ಸೀಯ ಬಂದಾಯಿತೆಂದು ಸಾರುವ ಸಭೆಯ ಬಾಗಿಲಲ್ಲಿ ನಿಂತು, ಹಾಗಾದರೆ ಬದಲಾದದ್ದೇನು ಎಂದು ಕೇಳುವವರು ಈಗ ಅದರ ಒಳಗಿನ ಜನರೇ.